ಯಾರಿಗಿಂತ ಹಿಂದೆ? ‘ಬ್ಯಾಕ್‌ವರ್ಡ್’ ವಿಶೇಷಣದ ಅರ್ಥ, ರಚನೆ ಮತ್ತು ಬಳಕೆ

ಉಬ್ರಾಣಿ (ಚನ್ನಗಿರಿ ತಾಲ್ಲೂಕು): ಇಂಗ್ಲಿಷ್ ನಿಘಂಟಿನಲ್ಲಿ ನಾಲ್ಕು ಸಾಲುಗಳಲ್ಲಿ ಮುಗಿದುಹೋಗುವ ಒಂದು ವಿಶೇಷಣವು ಕಾಡಂಚಿನ ಈ ಹೋಬಳಿಗೆ 2002ರಲ್ಲಿ ಅಂಟಿಕೊಂಡಿತು. ಪದ ‘ಬ್ಯಾಕ್‌ವರ್ಡ್’, ಕನ್ನಡದಲ್ಲಿ ‘ಹಿಂದುಳಿದ’. ಡಾ. ಡಿ.ಎಂ. ನಂಜುಂಡಪ್ಪ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು ಪ್ರಾದೇಶಿಕ ಅಸಮಾನತೆ ಕುರಿತು ಆ ವರ್ಷದ ಜೂನ್‌ನಲ್ಲಿ ಸಲ್ಲಿಸಿದ ವರದಿಯಲ್ಲಿ ಚನ್ನಗಿರಿ ತಾಲ್ಲೂಕನ್ನು ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಸಾಲಿಗೆ ಸೇರಿಸಿತು. ನೆರೆಯ ಹೊನ್ನಾಳಿ ಹಾಗೂ ಅದೇ ಜಿಲ್ಲೆಯ ಜಗಳೂರು ‘ಅತಿ ಹಿಂದುಳಿದ’ ಸಾಲಿಗೆ ಸೇರಿದವು. ಮೂಲ ಇಂಗ್ಲಿಷ್‌ನಲ್ಲಿ ಇವು ಕ್ರಮವಾಗಿ ‘ಮೋಸ್ಟ್ ಬ್ಯಾಕ್‌ವರ್ಡ್’ ಮತ್ತು ‘ಮೋರ್ ಬ್ಯಾಕ್‌ವರ್ಡ್’.

ಶಾಲೆಯಲ್ಲಿ ಇಂಗ್ಲಿಷ್ ವ್ಯಾಕರಣದ ಮೇಷ್ಟರು ‘ಡಿಗ್ರೀಸ್ ಆಫ್ ಕಂಪ್ಯಾರಿಸನ್’ ಎಂದು ಕಲಿಸುವ ಪಾಠ ಇದೇ. ವ್ಯತ್ಯಾಸವೆಂದರೆ, ಇಲ್ಲಿ ಪಾಠ ತಪ್ಪಾದರೆ ಅಂಕವಲ್ಲ, ಅನುದಾನ ಕಡಿಮೆಯಾಗುತ್ತದೆ. ಅಡಿಕೆ ತೋಟಗಳಿಗೆ ಹೆಸರಾದ, ಸೂಳೆಕೆರೆಯಂಥ ವಿಶಾಲ ಜಲಾಶಯವನ್ನು ಮಡಿಲಲ್ಲಿಟ್ಟುಕೊಂಡ ತಾಲ್ಲೂಕು ‘ಅತ್ಯಂತ’ ಎಂಬ ಮೆಟ್ಟಿಲಲ್ಲಿ, ಬರಕ್ಕೆ ಹೆಸರಾದ ಜಗಳೂರು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ! ಇದನ್ನು ಓದಿದವರು ಹುಬ್ಬೇರಿಸುವುದು ಸಹಜ. ಹಾಗಾದರೆ ಈ ಪದದ ಅರ್ಥವಾದರೂ ಏನು? ಅದು ಹೇಗೆ ರೂಪುಗೊಂಡಿತು? ಎಲ್ಲಿ ಅದು ಬೈಗುಳ, ಎಲ್ಲಿ ಅದು ಹಕ್ಕು?

ಬೆನ್ನು ಮತ್ತು ತಿರುವು

‘ಬ್ಯಾಕ್‌ವರ್ಡ್’ ಎರಡು ತುಂಡುಗಳ ಪದ. ಮೊದಲನೆಯದು ‘ಬ್ಯಾಕ್’, ಅಂದರೆ ಬೆನ್ನು ಅಥವಾ ಹಿಂಭಾಗ. ಎರಡನೆಯದು ‘ವರ್ಡ್’ ಎಂಬ ಪ್ರತ್ಯಯ. ಒಂದು ದಿಕ್ಕಿನ ಕಡೆಗೆ ತಿರುಗಿದ ಎಂಬುದು ಅದರ ಅರ್ಥ. ಪದ ಎಂಬರ್ಥದ ‘ವರ್ಡ್’ಗೂ ಇದಕ್ಕೂ ಸಂಬಂಧವಿಲ್ಲ. ಈ ಪ್ರತ್ಯಯದ ಸಂತತಿ ದೊಡ್ಡದು: ಫಾರ್ವರ್ಡ್, ಅಪ್‌ವರ್ಡ್, ಡೌನ್‌ವರ್ಡ್, ಇನ್‌ವರ್ಡ್, ಔಟ್‌ವರ್ಡ್. ಕಚೇರಿಗಳ ‘ಇನ್‌ವರ್ಡ್ ರಿಜಿಸ್ಟರ್’, ‘ಔಟ್‌ವರ್ಡ್ ನಂಬರ್’ ಇದೇ ಮನೆತನದವು. ‘ಆಕ್‌ವರ್ಡ್’ ಕೂಡ ಈ ಕುಟುಂಬದ್ದೇ. ಅಡ್ಡದಿಡ್ಡಿಯಾಗಿ ತಿರುಗಿದ್ದು ಎಂಬುದು ಅದರ ಮೂಲಾರ್ಥ.

ಪ್ರತ್ಯಯದ ಬೇರು ಹುಡುಕುತ್ತಾ ಹೋದರೆ ಕನ್ನಡಿಗರಿಗೆ ಪರಿಚಿತವಾದ ಅಂಗಳವೊಂದು ಎದುರಾಗುತ್ತದೆ. ಭಾಷಾಶಾಸ್ತ್ರಜ್ಞರು ಈ ‘ವರ್ಡ್’ ಅನ್ನು ಇಂಡೋ-ಯೂರೋಪಿಯನ್ ಭಾಷೆಗಳ ‘ತಿರುಗು’ ಎಂಬರ್ಥದ ಮೂಲಧಾತುವಿಗೆ ಒಯ್ಯುತ್ತಾರೆ. ಸಂಸ್ಕೃತದ ‘ವೃತ್’ ಧಾತು ಅದೇ ಬೇರಿನದು. ಪರಿವರ್ತನೆ, ಆವರ್ತ, ವರ್ತುಲ ಎಂಬ ನಮ್ಮ ನಿತ್ಯಬಳಕೆಯ ಪದಗಳೆಲ್ಲ ‘ವೃತ್’ನಿಂದ ಬಂದವು. ಅಂದರೆ ‘ಬ್ಯಾಕ್‌ವರ್ಡ್’ನ ಬಾಲಕ್ಕೂ ‘ಪರಿವರ್ತನೆ’ಯ ನಡುವಿಗೂ ದೂರದ ನೆಂಟಸ್ತನವಿದೆ.

ಇಂಗ್ಲಿಷ್‌ನಲ್ಲಿ ಈ ಪದ ಮೊದಲು ಕಾಣಿಸಿಕೊಂಡದ್ದು ಸುಮಾರು 1300ರ ಹೊತ್ತಿಗೆ, ಅದೂ ಕ್ರಿಯಾವಿಶೇಷಣವಾಗಿ. ಹಿಂದಕ್ಕೆ ನಡೆ, ಹಿಂದಕ್ಕೆ ಬೀಳು ಎಂಬಂತೆ ಅದು ಚಲನೆಯನ್ನು ಮಾತ್ರ ಸೂಚಿಸುತ್ತಿತ್ತು. ನಾಮಪದಕ್ಕೆ ಅಂಟುವ ವಿಶೇಷಣವಾದದ್ದು 16ನೇ ಶತಮಾನದಲ್ಲಿ. ಪ್ರಗತಿಯಲ್ಲಿ ಹಿಂದೆ ಬಿದ್ದ ಎಂಬ ಇಂದಿನ ಅರ್ಥ ಬಂದದ್ದು 17ನೇ ಶತಮಾನದ ಕೊನೆಯ ವೇಳೆಗೆ. ಹೀಗೆ ಮೊದಲು ಕಾಲಿನ ನಡೆಗೆ ಸಂಬಂಧಿಸಿದ್ದ ಪದ ಬರಬರುತ್ತಾ ಮನುಷ್ಯನ, ಊರಿನ, ದೇಶದ ಸ್ಥಿತಿಗೆ ಸಂಬಂಧಿಸಿದ ಪದವಾಯಿತು.

ವ್ಯಾಕರಣದ ಒಂದು ಸಣ್ಣ ಅಂಶವನ್ನು ಇಲ್ಲೇ ಹೇಳಿಬಿಡಬಹುದು. ಕ್ರಿಯಾವಿಶೇಷಣವಾಗಿ ‘ಬ್ಯಾಕ್‌ವರ್ಡ್’, ‘ಬ್ಯಾಕ್‌ವರ್ಡ್ಸ್’ ಎರಡೂ ಸರಿ. ವಿಶೇಷಣವಾಗಿ ಕೊನೆಯಲ್ಲಿ ‘ಸ್’ ಇಲ್ಲದ ರೂಪ ಮಾತ್ರ ಸರಿ. ‘ಬ್ಯಾಕ್‌ವರ್ಡ್ಸ್ ಕ್ಲಾಸ್’ ಎಂದು ಅರ್ಜಿಗಳಲ್ಲಿ ಬರೆಯುವುದು ತಪ್ಪು.

ಕನ್ನಡದ ಮೂರು ‘ಹಿಂ’

ಇಂಗ್ಲಿಷ್‌ನ ಒಂದೇ ವಿಶೇಷಣಕ್ಕೆ ಕನ್ನಡದಲ್ಲಿ ಕನಿಷ್ಠ ಮೂರು ಪದಗಳು ಬೇಕು. ಮೂರೂ ‘ಹಿಂ’ ಕಾರದಿಂದಲೇ ಆರಂಭವಾಗುವುದು ವಿಶೇಷ.

ದಿಕ್ಕನ್ನು ಹೇಳುವಾಗ ‘ಹಿಮ್ಮುಖ’. ‘ಬ್ಯಾಕ್‌ವರ್ಡ್ ಮೂವ್‌ಮೆಂಟ್’ ಎಂದರೆ ಹಿಮ್ಮುಖ ಚಲನೆ. ಇದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಕ್ರಿಕೆಟ್ ವೀಕ್ಷಕ ವಿವರಣೆಯ ‘ಬ್ಯಾಕ್‌ವರ್ಡ್ ಪಾಯಿಂಟ್’, ‘ಬ್ಯಾಕ್‌ವರ್ಡ್ ಸ್ಕ್ವೇರ್ ಲೆಗ್’ ಇದೇ ಜಾತಿಯವು. ಬ್ಯಾಟ್ಸ್‌ಮನ್ ನಿಂತ ಗೆರೆಗಿಂತ ತುಸು ಹಿಂದೆ ನಿಂತ ಕ್ಷೇತ್ರರಕ್ಷಕ ಎಂದಷ್ಟೇ ಅದರ ಅರ್ಥ. ಅಲ್ಲಿ ನಿಲ್ಲುವವನು ಹಲವು ಸಲ ತಂಡದ ಅತ್ಯುತ್ತಮ ಕ್ಷೇತ್ರರಕ್ಷಕನೇ ಆಗಿರುತ್ತಾನೆ.

ಸ್ವಭಾವವನ್ನು ಹೇಳುವಾಗ ‘ಹಿಂಜರಿಯುವ’. ಮುಂದೆ ಬಂದು ಮಾತಾಡಲು ಸಂಕೋಚಪಡುವವರನ್ನು ಇಂಗ್ಲಿಷ್‌ನಲ್ಲಿ ಹೀಗೆ ವರ್ಣಿಸುವುದುಂಟು. ಈ ಅರ್ಥ ಭಾರತದ ಇಂಗ್ಲಿಷ್‌ನಲ್ಲಿ ಅಪರೂಪ.

ಸ್ಥಿತಿಯನ್ನು ಹೇಳುವಾಗ ‘ಹಿಂದುಳಿದ’. ಆಡಳಿತ, ನ್ಯಾಯಾಲಯ, ಪತ್ರಿಕೆಗಳಲ್ಲಿ ನಮಗೆ ಎದುರಾಗುವುದು ಇದೇ. ‘ಹಿಂದೆ’ ಮತ್ತು ‘ಉಳಿದ’ ಸೇರಿ ‘ಹಿಂದುಳಿದ’. ಲೋಪಸಂಧಿಗೆ ಸೊಗಸಾದ ಉದಾಹರಣೆ. ಆದರೆ ಇಂಗ್ಲಿಷ್ ಪದಕ್ಕೂ ಇದಕ್ಕೂ ರಚನೆಯಲ್ಲಿ ಮುಖ್ಯವಾದ ಅಂತರವಿದೆ. ‘ಬ್ಯಾಕ್‌ವರ್ಡ್’ನಲ್ಲಿ ಕ್ರಿಯೆಯಿಲ್ಲ, ಬರೀ ದಿಕ್ಕಿದೆ. ‘ಹಿಂದುಳಿದ’ ಎಂಬುದರೊಳಗೆ ‘ಉಳಿ’ ಎಂಬ ಕ್ರಿಯಾಧಾತುವಿದೆ, ಭೂತಕಾಲವಿದೆ. ವ್ಯಾಕರಣದ ಪ್ರಕಾರ ಅದು ಕೃದಂತ. ಅಂದರೆ ಕನ್ನಡದ ಪದ ಒಂದು ಘಟನೆಯನ್ನು ಹೇಳುತ್ತದೆ: ಎಲ್ಲರೂ ಹೊರಟಿದ್ದರು, ಕೆಲವರು ಮುಂದೆ ಹೋದರು, ಕೆಲವರು ಉಳಿದರು.

ಏಕೆ ಉಳಿದರು? ಪದ ಅದನ್ನು ಹೇಳುವುದಿಲ್ಲ. ‘ಉಳಿ’ ಅಕರ್ಮಕ ಕ್ರಿಯಾಪದ. ಅದಕ್ಕೆ ‘ಯಾರು ಉಳಿಸಿದರು’ ಎಂಬ ಪ್ರಶ್ನೆ ಹೊಂದುವುದಿಲ್ಲ. ಒಂದು ಸಮುದಾಯಕ್ಕೆ ಶಾಲೆಯ ಬಾಗಿಲು ಮುಚ್ಚಿದ್ದರೂ, ಒಂದು ಹೋಬಳಿಗೆ ರಸ್ತೆ ಮಾಡದೇ ಬಿಟ್ಟಿದ್ದರೂ, ‘ಹಿಂದುಳಿದ’ ಎಂಬ ಪದದಲ್ಲಿ ಬಾಗಿಲು ಮುಚ್ಚಿದವರ ಸುಳಿವಿಲ್ಲ. ತಾವೇ ಕಾಲೆಳೆದು ನಿಂತರೇನೋ ಎಂಬ ಭಾವನೆ ಕೇಳುಗರಲ್ಲಿ ಮೂಡುವುದು ಇದರಿಂದಲೇ. ಪದ ಬೈಗುಳದಂತೆ ಕೇಳಿಸುವುದಕ್ಕೆ ಇದು ಒಂದು ಕಾರಣ.

ಅಳತೆಗೋಲು ಬಂದಾಗ

ಇದೇ ಪದ ಹಕ್ಕಿನ ಪದವಾದದ್ದು ಹೇಗೆಂದು ತಿಳಿಯಲು ಹಳೆಯ ಮೈಸೂರು ಸಂಸ್ಥಾನಕ್ಕೆ ಹೋಗಬೇಕು. ಉಬ್ರಾಣಿ, ಚನ್ನಗಿರಿ, ಹೊನ್ನಾಳಿ, ಜಗಳೂರುಗಳೆಲ್ಲ ಆಗ ಮೈಸೂರಿನ ಆಳ್ವಿಕೆಯಲ್ಲಿದ್ದವು. ಸರ್ಕಾರಿ ನೌಕರಿಯಲ್ಲಿ ಒಂದೇ ಸಮುದಾಯದ ಪ್ರಾಬಲ್ಯವಿದೆ ಎಂಬ ದೂರು ಬಲವಾದಾಗ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಸರ್ಕಾರ 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ದಿವಾನ್ ಸರ್ ಎಂ. ವಿಶ್ವೇಶ್ವರಯ್ಯ ಅವರಿಗೆ ಈ ನೀತಿ ಒಪ್ಪಿಗೆಯಿರಲಿಲ್ಲ. ಅದೇ ವರ್ಷದ ಕೊನೆಯಲ್ಲಿ ಅವರು ಹುದ್ದೆ ತೊರೆದರು.

ಮಿಲ್ಲರ್ ಸಮಿತಿ ‘ಬ್ಯಾಕ್‌ವರ್ಡ್’ ಪದಕ್ಕೆ ಸ್ಪಷ್ಟವಾದ ವ್ಯಾಖ್ಯೆ ಕೊಟ್ಟಿತು. ಬ್ರಾಹ್ಮಣರನ್ನು ಬಿಟ್ಟು, ಸರ್ಕಾರಿ ಸೇವೆಯಲ್ಲಿ ಸಾಕಷ್ಟು ಪ್ರಾತಿನಿಧ್ಯವಿಲ್ಲದ ಎಲ್ಲ ಸಮುದಾಯಗಳೂ ಹಿಂದುಳಿದವು ಎಂಬುದು ಅದರ ಸಾರ. ಏಳು ವರ್ಷಗಳ ಒಳಗೆ ಮೇಲ್ದರ್ಜೆಯ ಹುದ್ದೆಗಳಲ್ಲಿ ಅರ್ಧ, ಕೆಳದರ್ಜೆಯ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರರಿಗೆ ದಕ್ಕಬೇಕೆಂದು ಶಿಫಾರಸು ಮಾಡಿತು. ಇಲ್ಲಿ ಗಮನಿಸಬೇಕಾದದ್ದು ವ್ಯಾಖ್ಯೆಯ ಸ್ವರೂಪ. ಸಮುದಾಯದ ಬುದ್ಧಿ, ನಡತೆ, ಸಂಸ್ಕಾರದ ಬಗ್ಗೆ ಅದರಲ್ಲಿ ಒಂದು ಮಾತೂ ಇಲ್ಲ. ನೌಕರಿಯ ಪಟ್ಟಿಯಲ್ಲಿ ಎಷ್ಟು ಮಂದಿ ಇದ್ದಾರೆ ಎಂಬ ಎಣಿಕೆ ಮಾತ್ರ ಇದೆ. ವರ್ಣನೆಯ ಪದವಾಗಿದ್ದದ್ದು ಅಳತೆಯ ಪದವಾಯಿತು.

ಸ್ವಾತಂತ್ರ್ಯಾನಂತರ ಈ ವಿಶೇಷಣ ಸಂವಿಧಾನದೊಳಕ್ಕೆ ಬಂತು. 16(4)ನೇ ವಿಧಿಯಲ್ಲಿ ಅದು ಒಂಟಿಯಾಗಿ, ‘ಹಿಂದುಳಿದ ವರ್ಗದ ನಾಗರಿಕರು’ ಎಂಬ ರೂಪದಲ್ಲಿದೆ. 1951ರ ಮೊದಲ ತಿದ್ದುಪಡಿಯಿಂದ ಸೇರಿದ 15(4)ನೇ ವಿಧಿಯಲ್ಲಿ ಅದರ ಮುಂದೆ ಎರಡು ಕ್ರಿಯಾವಿಶೇಷಣಗಳು ಬಂದಿವೆ: ‘ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ’ ಹಿಂದುಳಿದ ವರ್ಗಗಳು. ಯಾವುದರಲ್ಲಿ ಹಿಂದೆ ಎಂಬ ಪ್ರಶ್ನೆಗೆ ಉತ್ತರ ಈ ಎರಡು ಪದಗಳಲ್ಲಿದೆ.

‘ಮೋರ್’ ಎಂಬ ಪದದ ಮೇಲೆ ಮೊಕದ್ದಮೆ

ಇಂಗ್ಲಿಷ್ ವಿಶೇಷಣದ ತುಲನಾತ್ಮಕ ರೂಪವೊಂದು ಸುಪ್ರೀಂ ಕೋರ್ಟ್ ಕಟಕಟೆ ಏರಿದ ಪ್ರಸಂಗ ನಡೆದದ್ದೂ ಈ ರಾಜ್ಯದ್ದೇ. ಡಾ. ಆರ್. ನಾಗನಗೌಡ ಸಮಿತಿ 1961ರಲ್ಲಿ ಅಂತಿಮ ವರದಿ ನೀಡಿತು. ಅದನ್ನು ಆಧರಿಸಿ ಮೈಸೂರು ಸರ್ಕಾರ 1962ರ ಜುಲೈ 31ರಂದು ವೈದ್ಯಕೀಯ, ಎಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೆ ಆದೇಶ ಹೊರಡಿಸಿತು. ‘ಬ್ಯಾಕ್‌ವರ್ಡ್’ ವರ್ಗಗಳಿಗೆ ಶೇ 28, ‘ಮೋರ್ ಬ್ಯಾಕ್‌ವರ್ಡ್’ ವರ್ಗಗಳಿಗೆ ಶೇ 22. ಪರಿಶಿಷ್ಟ ಜಾತಿಗೆ ಶೇ 15, ಪರಿಶಿಷ್ಟ ಪಂಗಡಕ್ಕೆ ಶೇ 3. ಒಟ್ಟು ಶೇ 68.

ಎಂ.ಆರ್. ಬಾಲಾಜಿ ವಿರುದ್ಧ ಮೈಸೂರು ರಾಜ್ಯ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ 1962ರ ಸೆಪ್ಟೆಂಬರ್ 28ರಂದು ಈ ಆದೇಶವನ್ನು ರದ್ದುಗೊಳಿಸಿತು. ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್ ಬರೆದ ತೀರ್ಪು ಕಾನೂನಿನ ದಾಖಲೆಯಾಗಿರುವಂತೆಯೇ ಒಂದು ಅರ್ಥದಲ್ಲಿ ವ್ಯಾಕರಣದ ಪಾಠವೂ ಹೌದು. ಮೊದಲನೆಯದಾಗಿ, ‘ಸಾಮಾಜಿಕವಾಗಿ ಮತ್ತು ಶೈಕ್ಷಣಿಕವಾಗಿ’ ಎಂಬುದರ ನಡುವಿನ ‘ಮತ್ತು’ ಪದಕ್ಕೆ ಪೂರ್ಣ ಬೆಲೆ ಕೊಡಬೇಕು. ಎರಡರಲ್ಲೊಂದು ಇದ್ದರೆ ಸಾಲದು, ಎರಡೂ ಇರಬೇಕು ಎಂದಿತು. ಎರಡನೆಯದಾಗಿ, ‘ಬ್ಯಾಕ್‌ವರ್ಡ್’ ಮತ್ತು ‘ಮೋರ್ ಬ್ಯಾಕ್‌ವರ್ಡ್’ ಎಂಬ ವಿಂಗಡಣೆಗೆ 15(4)ನೇ ವಿಧಿಯಲ್ಲಿ ಆಧಾರವಿಲ್ಲವೆಂದಿತು. ಅತ್ಯಂತ ಮುಂದುವರಿದವರಿಗೆ ಹೋಲಿಸಿ ನೋಡಿದರೆ ಉಳಿದವರೆಲ್ಲರೂ ಹಿಂದುಳಿದವರಾಗಿಬಿಡುತ್ತಾರೆ; ಆ ಆದೇಶದಂತೆ ರಾಜ್ಯದ ಸುಮಾರು ಶೇ 90ರಷ್ಟು ಜನ ಆ ಪಟ್ಟಿಗೆ ಸೇರುತ್ತಿದ್ದರು ಎಂಬುದನ್ನು ನ್ಯಾಯಾಲಯ ಎತ್ತಿ ತೋರಿಸಿತು.

ನ್ಯಾಯಾಲಯ ಕೇಳಿದ ಪ್ರಶ್ನೆಯ ತಿರುಳು ಇಷ್ಟೇ: ಯಾರಿಗಿಂತ ಹಿಂದೆ? ಅತ್ಯಂತ ಮುಂದಿರುವವರಿಗಿಂತಲೋ, ರಾಜ್ಯದ ಸರಾಸರಿಗಿಂತಲೋ? ಹೋಲಿಕೆಯ ಕೊನೆ ಬದಲಾದರೆ ಪದದ ಅರ್ಥವೇ ಬದಲಾಗುತ್ತದೆ.

‘ಮೋರ್’ಗೆ ಮಾನ್ಯತೆ ದೊರೆಯಲು ಮುಂದೆ ಮೂವತ್ತು ವರ್ಷಗಳು ಬೇಕಾದವು. ಮಂಡಲ್ ಪ್ರಕರಣವೆಂದೇ ಹೆಸರಾದ ಇಂದ್ರಾ ಸಾಹ್ನಿ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 1992ರ ನವೆಂಬರ್ 16ರಂದು ತೀರ್ಪು ನೀಡಿತು. ಹಿಂದುಳಿದವರು ಮತ್ತು ಹೆಚ್ಚು ಹಿಂದುಳಿದವರು ಎಂಬ ಒಳವಿಂಗಡಣೆ ಮಾಡಲು ರಾಜ್ಯಗಳಿಗೆ ಅಡ್ಡಿಯಿಲ್ಲವೆಂದು ಬಹುಮತದ ತೀರ್ಪು ಹೇಳಿತು. ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಿದರೆ ಬಲವಿದ್ದವರು ಪೂರ್ತಿ ಪಾಲು ಬಾಚಿಕೊಳ್ಳುತ್ತಾರೆ ಎಂಬುದು ಅದರ ಹಿಂದಿನ ತರ್ಕ.

ಈ ನಡುವೆ ಕರ್ನಾಟಕದಲ್ಲಿ ವಿಶೇಷಣದ ಸುತ್ತ ಬೇರೆ ಬೇರೆ ಪ್ರಯೋಗಗಳು ನಡೆದವು. ದೇವರಾಜ ಅರಸು ಸರ್ಕಾರ 1972ರಲ್ಲಿ ನೇಮಿಸಿದ ಎಲ್.ಜಿ. ಹಾವನೂರ ಆಯೋಗ 1975ರ ವರದಿಯಲ್ಲಿ ವಿಶೇಷಣವನ್ನು ಹಾಗೆಯೇ ಉಳಿಸಿ, ಅದರ ಮುಂದಿನ ನಾಮಪದವನ್ನು ಬದಲಾಯಿಸಿತು: ಹಿಂದುಳಿದ ಸಮುದಾಯಗಳು, ಹಿಂದುಳಿದ ಜಾತಿಗಳು, ಹಿಂದುಳಿದ ಬುಡಕಟ್ಟುಗಳು. ವೆಂಕಟಸ್ವಾಮಿ ಆಯೋಗ, ಚಿನ್ನಪ್ಪ ರೆಡ್ಡಿ ಆಯೋಗಗಳ ನಂತರ 1990ರ ದಶಕದಲ್ಲಿ ಇಂದಿನ ಪ್ರವರ್ಗ-1, 2ಎ, 2ಬಿ, 3ಎ, 3ಬಿ ರೂಪುಗೊಂಡವು. ಇಲ್ಲಿ ತುಲನಾತ್ಮಕ ರೂಪದ ಜಾಗದಲ್ಲಿ ಅಂಕಿ ಮತ್ತು ಅಕ್ಷರ ಬಂದವು. ತಹಶೀಲ್ದಾರರ ಕಚೇರಿ ಮುಂದೆ ಜಾತಿ ಪ್ರಮಾಣಪತ್ರಕ್ಕೆ ನಿಂತ ವಿದ್ಯಾರ್ಥಿ ತನ್ನನ್ನು ‘ಹಿಂದುಳಿದವನು’ ಎನ್ನುವುದಿಲ್ಲ, ‘ಟೂ ಎ’ ಎನ್ನುತ್ತಾನೆ. ನೋವಿನ ಪದವನ್ನು ಆಡದೆಯೇ ಹಕ್ಕನ್ನು ಕೇಳಲು ಸಂಕೇತಗಳು ದಾರಿ ಮಾಡಿಕೊಟ್ಟವು.

ಊರಿಗೂ ಬಂದ ವಿಶೇಷಣ

ಜನವರ್ಗಗಳಿಗಿದ್ದ ಪದ ನೆಲಕ್ಕೂ ಅನ್ವಯವಾದಾಗ ನಂಜುಂಡಪ್ಪ ಸಮಿತಿಯ ಕಥೆ ಆರಂಭವಾಗುತ್ತದೆ. ಎಸ್.ಎಂ. ಕೃಷ್ಣ ಸರ್ಕಾರ 2000ರಲ್ಲಿ ಈ ಸಮಿತಿ ರಚಿಸಿತು. ಸಮಿತಿ ಆಗಿನ 175 ತಾಲ್ಲೂಕುಗಳನ್ನು 35 ಸೂಚಕಗಳಿಂದ ಅಳೆಯಿತು. ಕೃಷಿ, ಕೈಗಾರಿಕೆ ಮತ್ತು ಹಣಕಾಸು, ಆರ್ಥಿಕ ಮೂಲಸೌಕರ್ಯ, ಸಾಮಾಜಿಕ ಮೂಲಸೌಕರ್ಯ, ಜನಸಂಖ್ಯೆಯ ಸ್ವರೂಪ ಎಂಬ ಐದು ತಲೆಬರಹಗಳಡಿ ವೈದ್ಯರ ಸಂಖ್ಯೆ, ಆಸ್ಪತ್ರೆಯ ಹಾಸಿಗೆ, ಸಾಕ್ಷರತೆ, ರಸ್ತೆಯ ಉದ್ದ, ಬ್ಯಾಂಕ್ ಶಾಖೆ, ದೂರವಾಣಿ ಮುಂತಾದವನ್ನೆಲ್ಲ ಲೆಕ್ಕ ಹಾಕಿ ಒಂದು ಸಮಗ್ರ ಸೂಚ್ಯಂಕ ತಯಾರಿಸಿತು. ರಾಜ್ಯದ ಸರಾಸರಿ 1. ಅದಕ್ಕಿಂತ ಕೆಳಗಿದ್ದರೆ ಹಿಂದುಳಿದ ತಾಲ್ಲೂಕು.

ಹೀಗೆ 114 ತಾಲ್ಲೂಕುಗಳು ಹಿಂದುಳಿದವು ಎಂದಾಯಿತು. ಅದರಲ್ಲಿ 39 ಅತ್ಯಂತ ಹಿಂದುಳಿದವು, 40 ಅತಿ ಹಿಂದುಳಿದವು, 35 ಹಿಂದುಳಿದವು. ಉತ್ತರ ಕರ್ನಾಟಕದಲ್ಲಿ 59, ದಕ್ಷಿಣದಲ್ಲಿ 55. ‘ಹಿಂದುಳಿದ’ ಎಂದರೆ ಬೀದರ್, ಕಲಬುರಗಿ, ರಾಯಚೂರು ಎಂದು ನಂಬಿದ್ದ ಬೆಂಗಳೂರಿನ ಓದುಗರಿಗೆ ತಮ್ಮ ನಗರಕ್ಕೆ ತಾಸೆರಡು ತಾಸಿನ ದೂರದ ಕನಕಪುರ, ಮಾಗಡಿಗಳೂ ‘ಅತ್ಯಂತ’ ಪಟ್ಟಿಯಲ್ಲಿರುವುದು ಅಚ್ಚರಿ ತಂದಿತು. ಅಂತರವನ್ನು ತುಂಬಲು ಎಂಟು ವರ್ಷಗಳ ವಿಶೇಷ ಅಭಿವೃದ್ಧಿ ಯೋಜನೆಗೆ 31,000 ಕೋಟಿ ರೂಪಾಯಿ ಬೇಕೆಂದು ಸಮಿತಿ ಹೇಳಿತು. ಯೋಜನೆ 2007-08ರಿಂದ ಜಾರಿಗೆ ಬಂತು.

ಚನ್ನಗಿರಿಯ ಒಗಟಿಗೆ ಉತ್ತರ ಈ ಅಳತೆಗೋಲಿನಲ್ಲೇ ಇದೆ. ಸಮಗ್ರ ಸೂಚ್ಯಂಕ ಅಡಿಕೆಯ ಧಾರಣೆಯನ್ನು ಕೇಳುವುದಿಲ್ಲ. ಸೂಳೆಕೆರೆಯಲ್ಲಿ ಎಷ್ಟು ಅಡಿ ನೀರಿದೆ ಎಂದೂ ಕೇಳುವುದಿಲ್ಲ. ಇಷ್ಟು ಜನಕ್ಕೆ ಎಷ್ಟು ವೈದ್ಯರು, ಎಷ್ಟು ಹಾಸಿಗೆ, ಎಷ್ಟು ಶಾಲೆ ಎಂದು ಕೇಳುತ್ತದೆ. ಕೆಲವರ ತೋಟ ಹಸಿರಾಗಿರಬಹುದು. ಎಲ್ಲರ ಆಸ್ಪತ್ರೆ ಖಾಲಿಯಿರಬಹುದು. ತಾಲ್ಲೂಕಿನೊಳಗೂ ಒಂದೇ ಸಮನಾದ ಸ್ಥಿತಿಯಿಲ್ಲ. ನಾಲೆಯ ನೀರು ಹರಿಯುವ ಊರುಗಳಿಗೂ, ಭದ್ರೆಯಿಂದ ನೀರೆತ್ತಿ ಕೆರೆ ತುಂಬಿಸಲು ಉಬ್ರಾಣಿ-ಅಮೃತಾಪುರ ಏತ ನೀರಾವರಿ ಯೋಜನೆಯನ್ನೇ ಕಾಯಬೇಕಾದ ಉಬ್ರಾಣಿ ಭಾಗಕ್ಕೂ ಒಂದೇ ವಿಶೇಷಣ. ಜಗಳೂರಿನದು ಮತ್ತೊಂದು ಬಗೆ. ಅಲ್ಲಿನ ಕೊರತೆಗೆ ಮಳೆಯದೇ ಮೊದಲ ಹೆಸರು. ಒಂದೇ ಪದ ಎರಡು ಬೇರೆ ಬೇರೆ ಬವಣೆಗಳನ್ನು ಮುಚ್ಚಿಟ್ಟಿದೆ.

ಅಳತೆಗೋಲು ಬದಲಾದರೆ ಪಟ್ಟಿಯೂ ಬದಲಾಗುತ್ತದೆ. ಗ್ರಾಮೀಣ ಮಹಿಳೆಯರ ಸಾಕ್ಷರತೆ ಶೇ 46.13ಕ್ಕಿಂತ ಕಡಿಮೆ ಇದ್ದು, ಸ್ತ್ರೀ-ಪುರುಷ ಸಾಕ್ಷರತೆಯ ಅಂತರ 21.59 ಅಂಶಗಳಿಗಿಂತ ಹೆಚ್ಚಿದ್ದರೆ ಅಂಥ ಬ್ಲಾಕ್ ‘ಶೈಕ್ಷಣಿಕವಾಗಿ ಹಿಂದುಳಿದದ್ದು’ ಎಂದು ಕೇಂದ್ರ ಸರ್ಕಾರ 2001ರ ಜನಗಣತಿಯ ರಾಷ್ಟ್ರೀಯ ಸರಾಸರಿಯನ್ನು ಆಧರಿಸಿ ನಿಗದಿಪಡಿಸಿತ್ತು. ಕರ್ನಾಟಕದಲ್ಲಿ ಅಂಥ 74 ಬ್ಲಾಕ್‌ಗಳಿಗೆ ಆದರ್ಶ ವಿದ್ಯಾಲಯಗಳು ಮಂಜೂರಾದವು. 2007ರಲ್ಲಿ ಆರಂಭವಾದ ಹಿಂದುಳಿದ ಪ್ರದೇಶಗಳ ಅನುದಾನ ನಿಧಿಯ 250 ಜಿಲ್ಲೆಗಳಲ್ಲಿ ದಾವಣಗೆರೆಯೂ ಇತ್ತು. 2015ರಲ್ಲಿ ಕೇಂದ್ರ ಆ ನಿಧಿಗೆ ನೆರವು ನಿಲ್ಲಿಸಿತು.

ತರ, ತಮ ಮತ್ತು ತಾರತಮ್ಯ

‘ಮೋರ್’, ‘ಮೋಸ್ಟ್’ಗಳನ್ನು ಕನ್ನಡಕ್ಕೆ ತರುವಾಗ ಒಂದು ತೊಡಕು ಎದುರಾಗುತ್ತದೆ. ‘ಅತಿ’ ದೊಡ್ಡದೋ ‘ಅತ್ಯಂತ’ ದೊಡ್ಡದೋ? ವರದಿಯ ಕ್ರಮದಲ್ಲಿ ‘ಅತ್ಯಂತ’ ತುದಿಯ ಮೆಟ್ಟಿಲು, ‘ಅತಿ’ ನಡುವಿನದು. ಆಡುಮಾತಿನಲ್ಲಾದರೋ ಎರಡಕ್ಕೂ ಹೆಚ್ಚಿನ ಅಂತರವಿಲ್ಲ. ‘ಅತಿ ದೊಡ್ಡ ಕೆರೆ’ ಎಂದರೂ ‘ಅತ್ಯಂತ ದೊಡ್ಡ ಕೆರೆ’ ಎಂದರೂ ಕೇಳುಗರಿಗೆ ಒಂದೇ. ಸಭೆ, ಮನವಿಪತ್ರ, ಪತ್ರಿಕಾ ಹೇಳಿಕೆಗಳಲ್ಲಿ ಇವು ಅದಲುಬದಲಾಗುವುದು ಅಪರೂಪವಲ್ಲ. ಹಾಗೆ ಅದಲುಬದಲಾದರೆ ಒಂದು ತಾಲ್ಲೂಕು ಕಾಗದದ ಮೇಲೆ ಒಂದು ಮೆಟ್ಟಿಲು ಹತ್ತುತ್ತದೆ ಅಥವಾ ಇಳಿಯುತ್ತದೆ.

ಕನ್ನಡದ ಸಹಜ ಹೋಲಿಕೆಯ ದಾರಿಯೇ ಬೇರೆ. ಅದು ‘ಗಿಂತ’ ಪ್ರತ್ಯಯವನ್ನು ಬಳಸುತ್ತದೆ. ‘ಹೊನ್ನಾಳಿಗಿಂತ ಚನ್ನಗಿರಿ ಹಿಂದೆ’ ಎಂದರೆ ಯಾವುದಕ್ಕೆ ಹೋಲಿಸಿದ್ದೆಂದು ಸ್ಪಷ್ಟ. ‘ಮೋರ್ ಬ್ಯಾಕ್‌ವರ್ಡ್’ ಎಂದು ನಿಲ್ಲಿಸಿಬಿಡುವ ಇಂಗ್ಲಿಷ್ ಆ ಹೊಣೆಯಿಂದ ಪಾರಾಗುತ್ತದೆ. ಬಾಲಾಜಿ ಪ್ರಕರಣದಲ್ಲಿ ನ್ಯಾಯಾಲಯ ಹುಡುಕಿದ್ದೂ ಈ ಕಾಣೆಯಾದ ‘ಗಿಂತ’ವನ್ನೇ ಎನ್ನಬಹುದು.

ಸಂಸ್ಕೃತದಲ್ಲಿ ಹೋಲಿಕೆಯ ಪ್ರತ್ಯಯಗಳು ‘ತರ’ ಮತ್ತು ‘ತಮ’: ಉಚ್ಚತರ, ಉಚ್ಚತಮ. ಇವೆರಡೂ ಸೇರಿ ‘ತರತಮ’. ಅದರಿಂದ ಬಂದ ಪದವೇ ‘ತಾರತಮ್ಯ’. ಮೆಟ್ಟಿಲುಗಳನ್ನು ಗುರುತಿಸುವುದೆಂಬುದು ಅದರ ಮೂಲಾರ್ಥ. ಇಂದು ಅದಕ್ಕೆ ಭೇದಭಾವ ಎಂಬ ಅರ್ಥ ಬಂದಿದೆ. ತಾರತಮ್ಯದಿಂದ ನೊಂದವರಿಗೆ ನ್ಯಾಯ ಕೊಡಲು ಮತ್ತೆ ತರತಮವನ್ನೇ ಲೆಕ್ಕ ಹಾಕಬೇಕಾಗಿ ಬಂದಿರುವುದು ಈ ವಿಶೇಷಣದ ಬದುಕಿನ ವಿಚಿತ್ರ.

ಹೆಸರು ಬದಲಾದರೆ ಸಾಕೇ?

ಜಗತ್ತಿನ ಬೇರೆಡೆಗಳಲ್ಲಿ ‘ಬ್ಯಾಕ್‌ವರ್ಡ್’ ಬಹುಮಟ್ಟಿಗೆ ನೇಪಥ್ಯಕ್ಕೆ ಸರಿದಿದೆ. ಕಲಿಕೆಯಲ್ಲಿ ನಿಧಾನವಿರುವ ಮಕ್ಕಳನ್ನು ಕುರಿತು ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಸಿರಿಲ್ ಬರ್ಟ್ 1937ರಲ್ಲಿ ‘ದಿ ಬ್ಯಾಕ್‌ವರ್ಡ್ ಚೈಲ್ಡ್’ ಎಂಬ ಹೆಸರಿನ ಪುಸ್ತಕವನ್ನೇ ಪ್ರಕಟಿಸಿದ್ದರು. ಇಂದು ಯಾವ ಶಿಕ್ಷಕರೂ ಮಗುವಿನ ಅಂಕಪಟ್ಟಿಯಲ್ಲಿ ಆ ಪದ ಬರೆಯಬಾರದು; ಅದು ಅವಮಾನಕರವೆಂದು ನಿಘಂಟುಗಳೇ ಎಚ್ಚರಿಸುತ್ತವೆ. ದೇಶಗಳ ವಿಷಯದಲ್ಲಿಯೂ ಹಾಗೆಯೇ. ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ 1949ರ ಜನವರಿ 20ರ ಭಾಷಣದಲ್ಲಿ ‘ಅಂಡರ್‌ಡೆವಲಪ್ಡ್’ ಪದ ಬಳಸಿದ ನಂತರ ಅದು ರೂಢಿಗೆ ಬಂತು; ಬಳಿಕ ‘ಡೆವಲಪಿಂಗ್’ ಬಂತು. ವಿಶ್ವಸಂಸ್ಥೆ 1971ರಲ್ಲಿ ‘ಲೀಸ್ಟ್ ಡೆವಲಪ್ಡ್’ ದೇಶಗಳ ಪಟ್ಟಿ ಆರಂಭಿಸಿತು. ‘ಅತ್ಯಂತ ಹಿಂದುಳಿದ’ ಎನ್ನುವ ಬದಲು ‘ಅತ್ಯಂತ ಕಡಿಮೆ ಅಭಿವೃದ್ಧಿ ಹೊಂದಿದ’ ಎಂದರು. ಮೆಟ್ಟಿಲು ಮಾತ್ರ ಅದೇ.

ಭಾರತದಲ್ಲಿಯೂ ಪದ ಬದಲಿಸುವ ಯತ್ನಗಳು ನಡೆದಿವೆ. ಕೇಂದ್ರ ಸರ್ಕಾರ 2018ರಲ್ಲಿ ಆರಂಭಿಸಿದ ಕಾರ್ಯಕ್ರಮದಲ್ಲಿ ‘ಹಿಂದುಳಿದ ಜಿಲ್ಲೆ’ಗಳ ಬದಲು ‘ಮಹತ್ವಾಕಾಂಕ್ಷೆಯ ಜಿಲ್ಲೆ’ಗಳು ಬಂದವು. ಕರ್ನಾಟಕದಿಂದ ಅದಕ್ಕೆ ಸೇರಿದವು ರಾಯಚೂರು ಮತ್ತು ಯಾದಗಿರಿ. 2019ರ 103ನೇ ತಿದ್ದುಪಡಿ ಆರ್ಥಿಕ ಮಾನದಂಡದ ಮೀಸಲಾತಿ ತಂದಾಗ ‘ಬ್ಯಾಕ್‌ವರ್ಡ್’ ಪದವನ್ನು ಬಳಸಲಿಲ್ಲ. ‘ಆರ್ಥಿಕವಾಗಿ ದುರ್ಬಲ’ ಎಂಬರ್ಥದ ‘ವೀಕರ್’ ಎಂಬ ಮತ್ತೊಂದು ತುಲನಾತ್ಮಕ ವಿಶೇಷಣ ಬಂತು. ಯಾರಿಗಿಂತ ದುರ್ಬಲ ಎಂಬ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ.

ಮಧುರವಾದ ಪದ ಕಿವಿಗೆ ಹಿತ. ಆದರೆ ‘ಹಿಂದುಳಿದ’ ಎಂಬ ಪದದಲ್ಲಿ ಒಂದು ಬೇಡಿಕೆ ಅಡಗಿದೆ: ಅಂತರವನ್ನು ಅಳೆಯಿರಿ, ತುಂಬಿರಿ. ಆಕಾಂಕ್ಷೆ ಎಂಬುದು ಊರಿನವರ ಹೊಣೆಯಂತೆ ಕೇಳುತ್ತದೆ. ಕೊರತೆ ಎಂಬುದು ಸರ್ಕಾರದ ಹೊಣೆ. ಹಾಗಾಗಿಯೇ ಈ ಪದದಿಂದ ಮುಜುಗರಪಡುವ ಊರುಗಳೇ ಪಟ್ಟಿಯಿಂದ ಹೊರಬೀಳಲು ಹೆದರುತ್ತವೆ.

ಬಳಸುವ ಬಗೆ

ಒಟ್ಟಾರೆ ಈ ಪದವನ್ನು ಬಳಸುವವರು ಗಮನಿಸಬೇಕಾದ ಅಂಶಗಳು ಕೆಲವೇ. ದಿಕ್ಕಿಗೆ ಬಳಸಿದರೆ ದೋಷವಿಲ್ಲ; ಕನ್ನಡದಲ್ಲಿ ‘ಹಿಮ್ಮುಖ’ ಎನ್ನಬೇಕು. ವ್ಯಕ್ತಿಗೆ ಬಳಸಬಾರದು. ‘ಅವರ ಮನೆಯವರು ತುಂಬಾ ಬ್ಯಾಕ್‌ವರ್ಡ್’ ಎಂದು ನಗರದ ಮಾತಿನಲ್ಲಿ ಸಲೀಸಾಗಿ ಬರುವ ವಾಕ್ಯದಲ್ಲಿ ಅಳತೆಯೇ ಇಲ್ಲ, ತಿರಸ್ಕಾರ ಮಾತ್ರ ಇದೆ. ‘ಹಳೆಯ ಕಾಲದ ಯೋಚನೆಯವರು’ ಎಂದು ಹೇಳಬೇಕಿದ್ದರೆ ಹಾಗೆಯೇ ಹೇಳಬಹುದು. ಹಳ್ಳಿಯಿಂದ ಬಂದು ನಗರದ ಕಾಲೇಜಿಗೆ ಸೇರಿದ ಹುಡುಗಿಯ ಉಡುಪು, ಉಚ್ಚಾರಣೆಗೆ ಈ ಪದ ಅಂಟಿಸುವುದು ಭಾಷೆಯ ತಪ್ಪೂ ಹೌದು, ನಡತೆಯ ತಪ್ಪೂ ಹೌದು. ವರ್ಗಕ್ಕೆ, ಪ್ರದೇಶಕ್ಕೆ ಬಳಸುವಾಗ ಎರಡು ಪ್ರಶ್ನೆಗಳಿಗೆ ಉತ್ತರ ಜೊತೆಗಿರಬೇಕು: ಯಾವುದರಲ್ಲಿ ಹಿಂದೆ? ಯಾರಿಗಿಂತ ಹಿಂದೆ?

ಮೂರನೆಯ ಪ್ರಶ್ನೆಯೂ ಒಂದಿದೆ: ಯಾವ ವರ್ಷದ ಲೆಕ್ಕ? ‘ಹಿಂದುಳಿದ’ ಎಂಬುದರಲ್ಲಿ ಭೂತಕಾಲವಿದೆ ಎಂಬುದನ್ನು ಆಡಳಿತ ಮರೆಯುವಂತಿಲ್ಲ. ನಂಜುಂಡಪ್ಪ ಸಮಿತಿ ಬಳಸಿದ್ದು 2002ಕ್ಕೂ ಹಿಂದಿನ ಅಂಕಿಅಂಶ. ದೂರವಾಣಿಯ ಸಂಖ್ಯೆ ಅಭಿವೃದ್ಧಿಯ ಗುರುತಾಗಿದ್ದ ಕಾಲ ಅದು. ಇಂದು ಕುರಿ ಮೇಯಿಸುವವರ ಕೈಯಲ್ಲೂ ಮೊಬೈಲ್ ಇದೆ. ಆಮೇಲೆ ನಕ್ಷೆಯೂ ಬದಲಾಗಿದೆ. ಹೊನ್ನಾಳಿಯಿಂದ ಬೇರ್ಪಟ್ಟ ನ್ಯಾಮತಿ 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಸಮಿತಿಯ ಪಟ್ಟಿಯಲ್ಲಿ ಅದರ ಹೆಸರಿರಲು ಸಾಧ್ಯವೇ ಇಲ್ಲ. ತಾಯಿ ತಾಲ್ಲೂಕಿನ ವಿಶೇಷಣ ಅದಕ್ಕೆ ಬಳುವಳಿಯಾಗಿ ಬಂದಿದೆ. ಅದೇ ಪಟ್ಟಿಯಲ್ಲಿ ದಾವಣಗೆರೆ ಜಿಲ್ಲೆಯ ‘ಅತ್ಯಂತ ಹಿಂದುಳಿದ’ ತಾಲ್ಲೂಕಾಗಿದ್ದ ಹರಪನಹಳ್ಳಿ ಈಗ ವಿಜಯನಗರ ಜಿಲ್ಲೆಯಲ್ಲಿದೆ.

ಲೆಕ್ಕವನ್ನು ಹೊಸದಾಗಿ ಮಾಡುವ ಕೆಲಸ ಎರಡೂ ಕಡೆ ನಡೆದಿದೆ. ಪ್ರಾದೇಶಿಕ ಅಸಮಾನತೆಯನ್ನು ಮತ್ತೆ ಅಳೆಯಲು ರಾಜ್ಯ ಸರ್ಕಾರ 2024ರಲ್ಲಿ ಅರ್ಥಶಾಸ್ತ್ರಜ್ಞ ಪ್ರೊ. ಎಂ. ಗೋವಿಂದರಾವ್ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಿತು. ಜನವರ್ಗಗಳ ಸ್ಥಿತಿ ತಿಳಿಯಲು ರಾಜ್ಯ ಹಿಂದುಳಿದ ವರ್ಗಗಳ ಆಯೋಗ 2025ರ ಸೆಪ್ಟೆಂಬರ್ 22ರಿಂದ ಮನೆಮನೆ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭಿಸಿತು. ಎರಡರ ಗುರಿಯೂ ಒಂದೇ ವಿಶೇಷಣಕ್ಕೆ ಇಂದಿನ ಅರ್ಥ ಕೊಡುವುದು.

ಉಬ್ರಾಣಿಯ ಮಟ್ಟಿಗೆ ಪ್ರಶ್ನೆ ಸರಳವಾದದ್ದು. ವಿಶೇಷಣ ಉಳಿಯಲಿ, ಹೋಗಲಿ, ಬದಲಾಗಲಿ. ಅದನ್ನು ಅಳೆಯಲು ಎಣಿಸಿದ ವೈದ್ಯರು, ಹಾಸಿಗೆಗಳು, ತರಗತಿಗಳು ಬಂದಿವೆಯೇ ಎಂಬುದು ಮುಖ್ಯ. ಅವು ಬಂದ ದಿನ ‘ಅತ್ಯಂತ’ ತಾನಾಗಿ ಕಳಚುತ್ತದೆ. ಬಾರದೆ ಕಳಚಿದರೆ, ಪಟ್ಟಿ ಮಾತ್ರ ಮುಂದುವರಿದಿರುತ್ತದೆ. ಊರು ಹಿಂದೆಯೇ ಉಳಿದಿರುತ್ತದೆ.